ಸಿಹಿ ಅಕ್ರೋಟು ಸೀಗಡಿ: ಹೋಟೆಲಿನ ರುಚಿ, ಮನೆಯ ಎಚ್ಚರ

ತುಮಕೂರಿನ ಉಪ್ಪಾರಹಳ್ಳಿಯಂಥ ಬಡಾವಣೆಗಳಿಂದ ಓದಿಗೆ, ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬರುವ ನಮ್ಮ ಮಕ್ಕಳು ಅಲ್ಲಿನ ಹೋಟೆಲುಗಳ ರುಚಿಯನ್ನೂ ಮನೆಗೆ ತರುತ್ತಾರೆ. ಈದ್ ಬಂತೆಂದರೆ, ದಾವತ್ ಇದೆಯೆಂದರೆ ಬಿರಿಯಾನಿಯ ಜೊತೆಗೆ ಹೊಸದೇನಾದರೂ ಬೇಕು ಎಂಬ ಬೇಡಿಕೆ ಇದ್ದೇ ಇರುತ್ತದೆ. ಅಂಥ ಬೇಡಿಕೆಗಳಲ್ಲಿ ಸಿಹಿ ಅಕ್ರೋಟು ಸೀಗಡಿಯೂ ಒಂದು. ಸೀಗಡಿಯನ್ನು ತೆಳುವಾಗಿ ಹಿಟ್ಟು ಸವರಿ ಗರಿಗರಿಯಾಗಿ ಕರಿದು, ಮೇಯನೇಸ್, ಕಂಡೆನ್ಸ್ಡ್ ಮಿಲ್ಕ್, ಜೇನು ಬೆರೆಸಿದ ಬಿಳಿ ಸಾಸ್‌ನಲ್ಲಿ ಹೊರಳಿಸಿ, ಮೇಲೆ ಸಕ್ಕರೆ ಪಾಕ ಹಿಡಿದ ಅಕ್ರೋಟು ಹಾಕಿ ಕೊಡುವ ತಿಂಡಿ ಇದು. ಹಾಂಗ್‌ಕಾಂಗ್ ಶೈಲಿಯ ಅಡುಗೆ; ಅಮೆರಿಕದ ಚೀನೀ ಹೋಟೆಲುಗಳಲ್ಲಿ ಹೆಸರು ಮಾಡಿತು.

ಮನೆಯಲ್ಲಿ ಇದನ್ನು ಮಾಡುವುದು ಕಷ್ಟವಲ್ಲ, ಒಂದು ಗಂಟೆಯ ಕೆಲಸ. ಆದರೆ ಬೇಗ ಕೆಡುವ ಸೀಗಡಿ, ಹಸಿ ಮೊಟ್ಟೆಯ ಮೇಯನೇಸ್, ಅಲರ್ಜಿ ತರಬಲ್ಲ ನಾಲ್ಕು ಪದಾರ್ಥಗಳು, ಸಾಕಷ್ಟು ಸಕ್ಕರೆ, ಎಲ್ಲವೂ ಒಂದೇ ತಟ್ಟೆಯಲ್ಲಿ ಸೇರುವ ತಿಂಡಿ ಇದು. ಹೋಟೆಲಿನಲ್ಲಿ ಇವು ನಮ್ಮ ಕೈಯಲ್ಲಿ ಇರುವುದಿಲ್ಲ, ಮನೆಯಲ್ಲಿ ಇರುತ್ತವೆ. ಮನೆಯಲ್ಲೇ ಮಾಡುವುದರ ನಿಜವಾದ ಲಾಭ ಇದೇ.

ಸೀಗಡಿ ನಮ್ಮೂರಿಗೆ ಬರುವ ದಾರಿ

ಸೀಗಡಿಯನ್ನು ನಾವು ಉರ್ದುವಿನಲ್ಲಿ ಝೀಂಗಾ ಎನ್ನುತ್ತೇವೆ, ಮಂಗಳೂರಿನ ಕಡೆ ತುಳುವಿನಲ್ಲಿ ಎಟ್ಟಿ ಎನ್ನುತ್ತಾರೆ. ಅಲ್ಲಿಯವರಿಗೆ ಬೆಳಿಗ್ಗೆ ದೋಣಿಯಿಂದ ಇಳಿದದ್ದು ಮಧ್ಯಾಹ್ನಕ್ಕೆ ತಟ್ಟೆಗೆ ಬರುತ್ತದೆ. ತುಮಕೂರಿಗೆ ಸಮುದ್ರ ಸುಮಾರು 300 ಕಿ.ಮೀ. ದೂರ. ಕರಾವಳಿಯ ಮೀನಿನ ಲಾರಿ ಶಿರಾಡಿ ಘಾಟಿ ಹತ್ತಿ, ಹಾಸನ, ಕುಣಿಗಲ್ ದಾಟಿ ಬರಬೇಕು. ಉಳಿದದ್ದು ಆಂಧ್ರದ ಕೆರೆಗಳಲ್ಲಿ ಸಾಕಿದ ವನ್ನಾಮೈ ಎಂಬ ತಳಿ. ಭಾರತದಲ್ಲಿ ಈ ತಳಿಯ ಸಾಕಣೆಗೆ ಅನುಮತಿ ಸಿಕ್ಕಿದ್ದು 2009ರಲ್ಲಿ; ಇಂದು ದೇಶದಲ್ಲಿ ಅತಿ ಹೆಚ್ಚು ಸೀಗಡಿ ಬೆಳೆಯುವ ರಾಜ್ಯ ಆಂಧ್ರ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಅಂಗಡಿಯಲ್ಲಿ ಕಾಣುವುದು ಹೆಚ್ಚಾಗಿ ಸಾಕಿದ ಸೀಗಡಿ ಅಥವಾ ಮೊದಲೇ ಹೆಪ್ಪುಗಟ್ಟಿಸಿಟ್ಟದ್ದು.

ದೂರ ಇದ್ದ ಮಾತ್ರಕ್ಕೆ ಸೀಗಡಿ ಕೆಟ್ಟದ್ದೇನಲ್ಲ. ದಾರಿಯುದ್ದಕ್ಕೂ ಮಂಜುಗಡ್ಡೆ ಇತ್ತೇ ಎಂಬುದು ಮುಖ್ಯ. ಸೀಗಡಿಯ ತಲೆಯ ಭಾಗದಲ್ಲಿ ಜೀರ್ಣರಸಗಳಿರುತ್ತವೆ. ಅದು ಸತ್ತ ಮೇಲೆ ಆ ರಸಗಳು ತನ್ನದೇ ಮಾಂಸವನ್ನು ಮೆತ್ತಗೆ ಮಾಡತೊಡಗುತ್ತವೆ. ಜೊತೆಗೆ ನೀರಿನಿಂದ ಬಂದ, ಕೈಯಿಂದ ತಗಲಿದ ರೋಗಾಣುಗಳು ಬಿಸಿಯಲ್ಲಿ ವೇಗವಾಗಿ ಬೆಳೆಯುತ್ತವೆ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಇರುವ ಉಷ್ಣತೆ ರೋಗಾಣುಗಳಿಗೆ ಹಬ್ಬ. ಈ ಉಷ್ಣತೆಯಲ್ಲಿ ಹಸಿ ಸೀಗಡಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಂದು ಗಂಟೆಯೂ ಹೆಚ್ಚೇ.

"ಚೆನ್ನಾಗಿ ಕರಿದರೆ ಎಲ್ಲ ಸಾಯುತ್ತದೆ" ಎಂದು ಹಲವರು ನಂಬುತ್ತಾರೆ. ರೋಗಾಣು ಸಾಯುತ್ತದೆ, ನಿಜ. ಆದರೆ ಕೆಲವು ರೋಗಾಣುಗಳು ಬೆಳೆಯುವಾಗ ಬಿಟ್ಟ ವಿಷ ಕುದಿಸಿದರೂ, ಕರಿದರೂ ಹೋಗುವುದಿಲ್ಲ. ಕೆಟ್ಟ ಸೀಗಡಿಯನ್ನು ಒಲೆ ಸರಿಮಾಡಲಾರದು.

ಅಂಗಡಿಯಲ್ಲಿ ನೋಡಬೇಕಾದದ್ದು

ಒಳ್ಳೆಯ ಸೀಗಡಿಯ ಸಿಪ್ಪೆ ಹೊಳೆಯುತ್ತದೆ, ಮೈಗೆ ಬಿಗಿಯಾಗಿ ಅಂಟಿರುತ್ತದೆ, ತಲೆ ಸುಲಭವಾಗಿ ಕಳಚುವುದಿಲ್ಲ, ಒತ್ತಿದರೆ ಮಾಂಸ ಗಟ್ಟಿಯಾಗಿರುತ್ತದೆ. ಸಮುದ್ರದ ತಿಳಿ ವಾಸನೆ ಇರಬಹುದು. ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ, ಲೋಳೆ, ನುಜ್ಜುಗುಜ್ಜಾದ ಮೈ ಇದ್ದರೆ ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ. ಸಿಪ್ಪೆಯ ಅಂಚಿನ ಕಪ್ಪು ಕಲೆ ವಿಷವಲ್ಲ, ಆದರೆ ಸೀಗಡಿ ಹಿಡಿದು ದಿನಗಳಾಗಿವೆ ಎಂಬ ಸೂಚನೆ. ಕಲೆ ಬಾರದಂತೆ ಕೆಲವೊಮ್ಮೆ ಸಲ್ಫೈಟ್ ಬಳಸುತ್ತಾರೆ. ಅಸ್ತಮಾ ಇರುವ ಕೆಲವರಿಗೆ ಅದು ಆಗದು. ಪ್ಯಾಕೆಟ್ ಮೇಲೆ ಬರೆದಿದೆಯೇ ನೋಡಿ.

ಮಂಜುಗಡ್ಡೆಯ ಮೇಲೆ ಇಟ್ಟಿಲ್ಲದ ಸೀಗಡಿಗಿಂತ, ಗಟ್ಟಿಯಾಗಿ ಹೆಪ್ಪುಗಟ್ಟಿದ ಪ್ಯಾಕೆಟ್ ನಮ್ಮಂಥ ಒಳನಾಡಿನ ಊರಿಗೆ ಸುರಕ್ಷಿತ. ಪ್ಯಾಕೆಟ್ ಒಳಗೆ ದೊಡ್ಡ ದೊಡ್ಡ ಹಿಮದ ಹರಳು ಕಂಡರೆ, ಸೀಗಡಿಗಳೆಲ್ಲ ಒಂದೇ ಮುದ್ದೆಯಾಗಿದ್ದರೆ ಅದು ನಡುವೆ ಕರಗಿ ಮತ್ತೆ ಗಟ್ಟಿಯಾದದ್ದಿರಬಹುದು. ಖರೀದಿಯ ಕೊನೆಗೆ ಸೀಗಡಿ ಕೊಳ್ಳಿ, ಬೇರೆ ಚೀಲದಲ್ಲಿ ಹಾಕಿಸಿ, ನೇರ ಮನೆಗೆ ಬನ್ನಿ. ಆ ದಿನ ಅಥವಾ ಮರುದಿನ ಮಾಡುವುದಾದರೆ ಮಾತ್ರ ಫ್ರಿಜ್‌ನ ಕೆಳಭಾಗದಲ್ಲಿ ಮುಚ್ಚಿಡಿ, ಇಲ್ಲವಾದರೆ ಫ್ರೀಜರ್‌ಗೆ ಹಾಕಿ. ಹೆಪ್ಪುಗಟ್ಟಿದ್ದನ್ನು ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿ ಕರಗಿಸಿ. ಅವಸರವಿದ್ದರೆ ಬಿಗಿಯಾಗಿ ಕಟ್ಟಿದ ಚೀಲದ ಸಮೇತ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಕಟ್ಟೆಯ ಮೇಲೆ ಬಿಡುವುದು, ಬಿಸಿನೀರು ಸುರಿಯುವುದು ಎರಡೂ ತಪ್ಪು.

ಶುಚಿ ಮಾಡುವಾಗ

ಸೀಗಡಿಯ ಬೆನ್ನಿನಲ್ಲಿ ಕಾಣುವ ಕಪ್ಪು ದಾರ ನರವಲ್ಲ, ಅದು ಕರುಳು. ಬೆನ್ನನ್ನು ಉದ್ದಕ್ಕೆ ತೆಳುವಾಗಿ ಸೀಳಿ ತೆಗೆಯಿರಿ. ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ಹನಿಗಳು ಸಿಡಿದು ಪಕ್ಕದ ಪಾತ್ರೆ, ತರಕಾರಿಗಳಿಗೆ ರೋಗಾಣು ತಗಲುತ್ತದೆ. ಬಟ್ಟಲಿನಲ್ಲಿ ನೀರು ಹಾಕಿ ಮೃದುವಾಗಿ ತೊಳೆಯಿರಿ. ಸೀಗಡಿಗೆ ಬಳಸಿದ ಚಾಕು, ಮಣೆಯನ್ನು ಸೋಪು ಹಾಕಿ ತೊಳೆಯದೆ ಈರುಳ್ಳಿ ಸೊಪ್ಪು, ಸೌತೆಕಾಯಿ ಹೆಚ್ಚಬೇಡಿ. ಕೈಯನ್ನು ಸೋಪಿನಿಂದ 20 ಸೆಕೆಂಡು ಉಜ್ಜಿ ತೊಳೆಯಿರಿ. ಸಿಪ್ಪೆ, ತಲೆಗಳನ್ನು ಕಾಗದದಲ್ಲಿ ಸುತ್ತಿ ಹಸಿ ಕಸದ ಗಾಡಿಗೇ ಕೊಡಿ. ಬೀದಿಯಲ್ಲಿ ಎಸೆದರೆ ನಾಯಿ, ನೊಣಗಳ ಕಾಟ ನೆರೆಯವರಿಗೆ.

ಸಾಸ್‌ನಲ್ಲಿ ಅಡಗಿರುವ ಹಸಿ ಮೊಟ್ಟೆ

ಮೇಯನೇಸ್ ಎಂದರೆ ಹಸಿ ಮೊಟ್ಟೆಗೆ ಎಣ್ಣೆ ಹನಿಸುತ್ತಾ ಕಡೆದದ್ದು. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇದ್ದರೆ ಅದನ್ನು ಕೊಲ್ಲಲು ಬೆಂಕಿಯೇ ಸೋಕುವುದಿಲ್ಲ. ಇದೇ ಕಾರಣಕ್ಕೆ ಕೇರಳ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮೇಯನೇಸನ್ನು ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರಿನಲ್ಲಿ, ತಮಿಳುನಾಡು 2025ರ ಏಪ್ರಿಲಿನಲ್ಲಿ ಒಂದೊಂದು ವರ್ಷದ ಮಟ್ಟಿಗೆ ನಿಷೇಧ ಹೇರಿದವು. ಮನೆಯಲ್ಲಿ ಗರ್ಭಿಣಿ, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಹಸಿ ಮೊಟ್ಟೆಯ ಸಾಸ್ ಖಂಡಿತ ಬೇಡ. ಮೊಟ್ಟೆಯಿಲ್ಲದ ಮೇಯನೇಸ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕಿಂತ ಹಗುರವಾದದ್ದು ನೀರಿಳಿಸಿದ ಗಟ್ಟಿ ಮೊಸರು.

ಮೊಸರು ಎಂದೊಡನೆ ಹಿರಿಯರು ತಡೆಯಬಹುದು. ಮೀನಿನ ಜೊತೆ ಹಾಲು, ಮೊಸರು ತಿಂದರೆ ತೊನ್ನು ಬರುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾದಾಗ. ಮೀನು, ಮೊಸರಿನಿಂದ ಅದು ಬರುತ್ತದೆ ಎನ್ನಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಹಲಾಲ್ ವಿಚಾರ

ಚೀನೀ ಅಡುಗೆ ವಿಧಾನಗಳಲ್ಲಿ ಸೀಗಡಿಯ ವಾಸನೆ ಹೋಗಲಿ ಎಂದು ಅಕ್ಕಿಯ ವೈನ್ ಹಾಕುವುದುಂಟು. ಶಾವೋಶಿಂಗ್, ಮಿರಿನ್ ಎಂಬ ಹೆಸರು ಕಂಡರೆ ಅದು ಮದ್ಯ ಎಂದು ತಿಳಿಯಿರಿ. ಬೇಯಿಸಿದರೆ ಎಲ್ಲ ಆವಿಯಾಗುತ್ತದೆ ಎಂಬ ಮಾತು ಸರಿಯಲ್ಲ, ಒಂದಷ್ಟು ಪಾಲು ಉಳಿದೇ ಉಳಿಯುತ್ತದೆ. ಶುಂಠಿ ರಸ, ನಿಂಬೆ ರಸ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಹೋಟೆಲಿನಲ್ಲಿ ತಿನ್ನುವವರು ಇದನ್ನು ಕೇಳಿ ತಿಳಿಯಬೇಕು.

ಸೀಗಡಿಯ ಬಗ್ಗೆಯೇ ಹನಫೀ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯವಿದೆ. ಹನಫೀ ಮದ್ಹಬ್‌ನಲ್ಲಿ ಜಲಚರಗಳ ಪೈಕಿ ಮೀನಿಗೆ ಮಾತ್ರ ಅನುಮತಿ. ಸೀಗಡಿ ಮೀನಿನ ಗುಂಪಿಗೆ ಸೇರುತ್ತದೆ ಎಂದು ಅನುಮತಿಸುವವರೂ ಇದ್ದಾರೆ, ದೂರವಿರುವುದು ಲೇಸು ಎನ್ನುವವರೂ ಇದ್ದಾರೆ. ಶಾಫಿಈ ಮದ್ಹಬ್ ಅನುಸರಿಸುವ ಕರಾವಳಿಯ ಬ್ಯಾರಿ ಕುಟುಂಬಗಳಿಗೆ ಈ ಪ್ರಶ್ನೆಯೇ ಇಲ್ಲ. ದಾವತ್‌ನಲ್ಲಿ ಬಡಿಸುವಾಗ ಇದು ಸೀಗಡಿ ಎಂದು ಮೊದಲೇ ತಿಳಿಸುವುದು ಒಳ್ಳೆಯ ನಡತೆ. ತಿನ್ನದವರಿಗೆ ಇದೇ ಸಾಸ್‌ನಲ್ಲಿ ಮೂಳೆಯಿಲ್ಲದ ಕೋಳಿ ತುಂಡುಗಳನ್ನು ಪೂರ್ತಿ ಬೇಯುವವರೆಗೆ ಕರಿದು, ಬೇರೆ ಪಾತ್ರೆಯಲ್ಲಿ ಮಾಡಿಡಬಹುದು.

ಮಾಡುವ ವಿಧಾನ (ನಾಲ್ವರಿಗೆ)

ಬೇಕಾಗುವುದು: ಶುಚಿ ಮಾಡಿದ ಸೀಗಡಿ 400 ಗ್ರಾಂ, ಅಕ್ರೋಟು 60 ಗ್ರಾಂ, ಸಕ್ಕರೆ 2 ದೊಡ್ಡ ಚಮಚ, ಒಂದು ಮೊಟ್ಟೆಯ ಬಿಳಿ ಭಾಗ, ಕಾರ್ನ್‌ಫ್ಲೋರ್ ಅರ್ಧ ಕಪ್, ಶುಂಠಿ ರಸ 1 ಟೀ ಚಮಚ, ನಿಂಬೆ ರಸ 2 ಟೀ ಚಮಚ, ಉಪ್ಪು, ಕಾಳುಮೆಣಸಿನ ಪುಡಿ, ಕರಿಯಲು ಎಣ್ಣೆ. ಸಾಸ್‌ಗೆ ನೀರಿಳಿಸಿದ ಮೊಸರು ಅರ್ಧ ಕಪ್, ಕಂಡೆನ್ಸ್ಡ್ ಮಿಲ್ಕ್ 1 ದೊಡ್ಡ ಚಮಚ, ಜೇನು 1 ದೊಡ್ಡ ಚಮಚ.

ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲೇ ಮೂರು ನಾಲ್ಕು ಗಂಟೆ ನೀರಿಳಿಸಿ. ಅದಕ್ಕೆ ಕಂಡೆನ್ಸ್ಡ್ ಮಿಲ್ಕ್, ಜೇನು, ಒಂದು ಟೀ ಚಮಚ ನಿಂಬೆ ರಸ, ಚಿಟಿಕೆ ಉಪ್ಪು ಸೇರಿಸಿ ನಯವಾಗಿ ಕಲಸಿ, ಮತ್ತೆ ಫ್ರಿಜ್‌ನಲ್ಲಿಡಿ.

ಅಕ್ರೋಟನ್ನು ಎರಡು ನಿಮಿಷ ಕುದಿಸಿ ನೀರು ಬಸಿಯಿರಿ, ಸಿಪ್ಪೆಯ ಕಹಿ ಇಳಿಯುತ್ತದೆ. ಬಟ್ಟೆಯಲ್ಲಿ ಒರೆಸಿ. ಬಾಣಲೆಯಲ್ಲಿ ಸಕ್ಕರೆಗೆ ಎರಡು ಚಮಚ ನೀರು ಹಾಕಿ ಪಾಕ ಗಟ್ಟಿಯಾಗತೊಡಗಿದಾಗ ಅಕ್ರೋಟು ಹಾಕಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕೈಯಾಡಿಸಿ. ತುಪ್ಪ ಸವರಿದ ತಟ್ಟೆಯಲ್ಲಿ ಒಂದೊಂದಾಗಿ ಬಿಡಿಸಿ ಆರಲು ಬಿಡಿ. ಪಾಕ ಕುದಿಯುವ ನೀರಿಗಿಂತ ಹೆಚ್ಚು ಸುಡುತ್ತದೆ, ಮಕ್ಕಳನ್ನು ದೂರ ಇಡಿ. ಅಕ್ರೋಟು ದುಬಾರಿ ಎನಿಸಿದರೆ ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬೀಜವನ್ನು ಹುರಿದು ಹೀಗೆಯೇ ಪಾಕ ಹಿಡಿಸಬಹುದು. ಕೊಂಡ ಅಕ್ರೋಟಿನಲ್ಲಿ ಹಳೆಯ ಎಣ್ಣೆಯ ಮುಗ್ಗಲು ವಾಸನೆ ಇದ್ದರೆ ಬಳಸಬೇಡಿ; ಉಳಿದದ್ದನ್ನು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ.

ಸೀಗಡಿಯನ್ನು ಬಟ್ಟೆಯಿಂದ ಒತ್ತಿ ಒಣಗಿಸಿ; ನೀರಿದ್ದರೆ ಎಣ್ಣೆ ಸಿಡಿಯುತ್ತದೆ, ಹಿಟ್ಟೂ ಹಿಡಿಯದು. ಉಪ್ಪು, ಮೆಣಸು, ಶುಂಠಿ ರಸ, ಉಳಿದ ನಿಂಬೆ ರಸ ಬೆರೆಸಿ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಮೊಟ್ಟೆಯ ಬಿಳಿ ಭಾಗವನ್ನು ನೊರೆ ಬರುವಂತೆ ಕಲಕಿ, ಸೀಗಡಿಯನ್ನು ಅದರಲ್ಲಿ ಅದ್ದಿ, ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ ಕೊಡವಿ. ಕಾದ ಎಣ್ಣೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಎರಡು ಮೂರು ನಿಮಿಷ ಕರಿಯಿರಿ. ಒಂದನ್ನು ಮುರಿದು ನೋಡಿ: ಒಳಗೆ ಗಾಜಿನಂತೆ ಪಾರದರ್ಶಕವಾಗಿ ಕಂಡರೆ ಇನ್ನೂ ಬೇಯಬೇಕು, ಪೂರ್ತಿ ಬೆಳ್ಳಗಾಗಿದ್ದರೆ ಆಯಿತು. ಹೆಚ್ಚು ಹೊತ್ತು ಬಿಟ್ಟರೆ ಸುರುಳಿ ಸುತ್ತಿಕೊಂಡು ರಬ್ಬರಿನಂತಾಗುತ್ತದೆ. ಎರಡು ನಿಮಿಷ ಆರಿದ ಮೇಲೆ, ಒಲೆಯಿಂದ ದೂರದಲ್ಲಿ ಸಾಸ್ ಬೆರೆಸಿ. ತೀರಾ ಬಿಸಿ ಇದ್ದರೆ ಮೊಸರು ಒಡೆಯುತ್ತದೆ. ಮೇಲೆ ಅಕ್ರೋಟು ಹಾಕಿ ಕೂಡಲೇ ಬಡಿಸಿ.

ಬಣ್ಣ ಹಾಕುವ ಅಗತ್ಯವೇ ಇಲ್ಲ. ಗೋಬಿ ಮಂಚೂರಿಯಲ್ಲಿ 2024ರ ಮಾರ್ಚಿನಲ್ಲಿ, ಕಬಾಬ್‌ಗಳಲ್ಲಿ ಅದೇ ಜೂನ್‌ನಲ್ಲಿ ಕೃತಕ ಬಣ್ಣವನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು ನೆನಪಿರಲಿ. ಕರಿದ ಎಣ್ಣೆಯನ್ನು ಸೋಸಿ ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ, ಮತ್ತೆ ಮತ್ತೆ ಕಾಯಿಸಬೇಡಿ.

ಯಾರಿಗೆ ಬೇಡ, ಯಾರಿಗೆ ಕಡಿಮೆ

ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣು ಮಗುವಿನ ಕರುಳಿನಲ್ಲಿ ಬೆಳೆದು ವಿಷ ಬಿಡಬಲ್ಲದು, ಮಗುವಿನ ಸ್ನಾಯುಗಳು ಶಕ್ತಿ ಕಳೆದುಕೊಳ್ಳುತ್ತವೆ. ಪ್ರೀತಿಯಿಂದ ಬೆರಳ ತುದಿಯಲ್ಲಿ ಕೊಡುವ ಹಿರಿಯರಿಗೂ ಇದನ್ನು ವಿನಯದಿಂದ ಹೇಳಬೇಕು.

ಸೀಗಡಿ, ಅಕ್ರೋಟು, ಮೊಟ್ಟೆ, ಹಾಲು ನಾಲ್ಕೂ ಅಲರ್ಜಿ ಉಂಟುಮಾಡಬಲ್ಲವು. ಸೀಗಡಿಯ ಅಲರ್ಜಿಗೆ ಮುಖ್ಯ ಕಾರಣವಾದ ಪ್ರೋಟೀನ್ ಬೇಯಿಸಿದರೂ ಉಳಿಯುತ್ತದೆ. ಏಡಿಗೆ ಆಗದವರಿಗೆ ಸೀಗಡಿಯೂ ಆಗದಿರಬಹುದು. ಅತಿಥಿಗಳನ್ನು ಮೊದಲೇ ಕೇಳಿ. ತಿಂದ ಕೆಲವೇ ಹೊತ್ತಿನಲ್ಲಿ ಮೈ ದದ್ದು, ತುಟಿ, ನಾಲಿಗೆ ಊತ, ಉಸಿರಾಟದ ಕಷ್ಟ, ತಲೆಸುತ್ತು ಕಂಡರೆ ಮನೆಮದ್ದಿನಲ್ಲಿ ಸಮಯ ಕಳೆಯದೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ.

ಸಕ್ಕರೆಯ ಲೆಕ್ಕವನ್ನೂ ನೋಡೋಣ. ಮೇಲಿನ ಅಳತೆಯಲ್ಲಿ ಸಕ್ಕರೆ, ಜೇನು, ಕಂಡೆನ್ಸ್ಡ್ ಮಿಲ್ಕ್ ಸೇರಿ ಒಬ್ಬರ ಪಾಲಿಗೆ ಸುಮಾರು 13 ಗ್ರಾಂ ಸಕ್ಕರೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಅಂದರೆ ದಿನದ ಅರ್ಧ ಪಾಲು ಇಲ್ಲೇ ಮುಗಿಯಿತು. ಅದೇ ಊಟಕ್ಕೆ ಶರಬತ್ತು, ಶೀರ್ ಕುರ್ಮಾ ಎರಡೂ ಬೇಡ. ಮಧುಮೇಹ ಇರುವವರಿಗೆ ಜೇನೂ ಸಕ್ಕರೆಯೇ. ಅವರಿಗೆ ಸಾಸ್ ಬೆರೆಸದ ಸೀಗಡಿ, ಪಾಕ ಹಿಡಿಸದ ಅಕ್ರೋಟು ಬೇರೆ ತೆಗೆದಿಡಿ. ಯೂರಿಕ್ ಆಮ್ಲದಿಂದ ಕೀಲುನೋವು ಇರುವವರು ಸೀಗಡಿಯನ್ನು ವೈದ್ಯರ ಸಲಹೆಯಂತೆ ಮಿತಿಯಲ್ಲಿ ತಿನ್ನಲಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ ಮರುದಿನವೇ ಮುಗಿಸಿ. ರಾತ್ರಿಯಿಡೀ ಹೊರಗೆ ಉಳಿದದ್ದನ್ನು ವ್ಯರ್ಥವಾಗುತ್ತದೆಂದು ಬಿಸಿ ಮಾಡಿ ಮಕ್ಕಳಿಗೆ ಕೊಡಬೇಡಿ. ವ್ಯರ್ಥವಾಗಬಾರದು ಎಂದಿದ್ದರೆ ಅಳತೆ ನೋಡಿ ಕಡಿಮೆ ಮಾಡುವುದೇ ದಾರಿ. ನಾವು ತಿನ್ನುವುದು ಹಲಾಲ್ ಆಗಿರುವಂತೆ ತಯ್ಯಿಬ್ ಅಂದರೆ ಶುದ್ಧವೂ ಆಗಿರಬೇಕು. ಆ ಶುದ್ಧಿ ಸೀಗಡಿಯನ್ನು ಅಂಗಡಿಯಲ್ಲಿ ಮೂಸಿ ನೋಡುವಲ್ಲಿಂದಲೇ ಆರಂಭವಾಗುತ್ತದೆ.