ಯಾರೂ ಮೀಟದ ಗಾಂಧಾರ

2008ರಲ್ಲಿ ಬಂದ ‘ಸೈಕೋ’ ಚಿತ್ರದ ಕಥೆ ಈಗ ಎಷ್ಟೋ ಜನರಿಗೆ ಮರೆತುಹೋಗಿದೆ. ಆದರೆ ಅದರ ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಹಾಡನ್ನು ಕನ್ನಡಿಗರು ಮರೆತಿಲ್ಲ. ಕೊಳ್ಳೇಗಾಲದಿಂದ ಹನೂರು ದಾಟಿ ಏರುವ ಆ ಬೆಟ್ಟದ ದೇವರ ಹೆಸರು ಗಿಟಾರಿನ ಜೊತೆಗೆ, ಎದೆಯಿಂದ ಬಿಟ್ಟುಕೂಗುವ ದನಿಯಲ್ಲಿ ನಾಡೆಲ್ಲ ಹರಡಿದ್ದು ಆಗ. ಹಾಡಿದ್ದು, ರಾಗ ಹಾಕಿದ್ದು ರಘು ದೀಕ್ಷಿತ್. ಚಿತ್ರದಲ್ಲಿ ಅದು ಪ್ರೇಮಿಯೊಬ್ಬನ ಅಳಲು, ದೇವರನಾಮವಲ್ಲ. ಆದರೂ ದೇವರನ್ನು ಸಲುಗೆಯಿಂದ ಎದುರು ನಿಲ್ಲಿಸಿ ಮಾತಾಡುವ ರೀತಿ ಮಾದೇಶ್ವರನ ಕಥೆ ಹಾಡುವ ಈ ಸೀಮೆಯ ದೇವರಗುಡ್ಡರಿಗೆ ಹೊಸದೇನಲ್ಲ.

ರಾಕ್ ಎಂದರೇನು? ಚುಟುಕಾಗಿ ಹೇಳಬಹುದು. 1950ರ ದಶಕದ ಅಮೆರಿಕದಲ್ಲಿ ಕಪ್ಪು ಜನರ ಬ್ಲೂಸ್ ಮತ್ತು ಬಿಳಿಯ ಹಳ್ಳಿಗರ ಹಾಡು ಬೆರೆತು ಹುಟ್ಟಿದ ಸಂಗೀತ ಅದು. ವಿದ್ಯುತ್ ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್ ಅದರ ಮೂರು ಕಂಬಗಳು. ನಾಲ್ಕು ಎಣಿಕೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಜೋರು ಪೆಟ್ಟು ಬೀಳುತ್ತದೆ. ಇದಕ್ಕೆ ಜನಪದ ಹಾಡು ಸೇರಿದರೆ ಫೋಕ್ ರಾಕ್. 1965ರ ಜುಲೈನಲ್ಲಿ ಜನಪದ ಶೈಲಿಯ ಹಾಡುಗಾರ ಬಾಬ್ ಡಿಲನ್ ನ್ಯೂಪೋರ್ಟ್ ಜನಪದ ಉತ್ಸವಕ್ಕೆ ವಿದ್ಯುತ್ ಗಿಟಾರ್ ಹಿಡಿದು ಬಂದಾಗ ಸಭಿಕರಲ್ಲಿ ಹಲವರು ಛೀಮಾರಿ ಹಾಕಿದರು. ನಮ್ಮಲ್ಲೂ ಅದೇ ಆಕ್ಷೇಪ ಈಗಲೂ ಕೇಳಿಬರುತ್ತದೆ: ಜನಪದವನ್ನು ಗದ್ದಲ ಮಾಡಿಬಿಟ್ಟರು!

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಾಸಿಕ್‌ನಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ, ಓದಿದ್ದು ಸೂಕ್ಷ್ಮಜೀವಿವಿಜ್ಞಾನ. ಸ್ನಾತಕೋತ್ತರ ಪದವಿಯಲ್ಲಿ ಚಿನ್ನದ ಪದಕವೂ ಬಂತು. ಗಿಟಾರ್ ಕೈಗೆ ಬಂದದ್ದು ಒಂದು ಪಂತದಿಂದ. ಗೆಜ್ಜೆ ಕಟ್ಟಿ ಕುಣಿಯುವ ಹುಡುಗನನ್ನು ಕಾಲೇಜಿನ ಗೆಳೆಯನೊಬ್ಬ ಛೇಡಿಸಿದ. ಎರಡು ತಿಂಗಳಲ್ಲಿ ಗಿಟಾರ್ ಕಲಿತು ತೋರಿಸುತ್ತೇನೆಂದು ಹುಡುಗ ಸವಾಲು ಹಾಕಿದ. ಗೆಜ್ಜೆಯನ್ನೂ ಅವರು ಬಿಡಲಿಲ್ಲ. ಇಂದಿಗೂ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಯೇ ವೇದಿಕೆ ಹತ್ತುತ್ತಾರೆ.

ಬೆಲ್ಜಿಯಮ್ಮಿನ ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿನ ರೇಡಿಯೋದಲ್ಲಿ ಹಾಡುವ ಅವಕಾಶ ಸಿಕ್ಕಿತು. ಅದು ಅವರ ದಾರಿಯನ್ನೇ ತಿರುಗಿಸಿತು. ಊರಿಗೆ ಮರಳಿ, ಬೆಂಗಳೂರಿನಲ್ಲಿ ‘ಅಂತರಾಗ್ನಿ’ ತಂಡ ಕಟ್ಟಿದರು. ಅದು ಚದುರಿದ ಮೇಲೆ ಹುಟ್ಟಿದ್ದು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ವರ್ಷಗಟ್ಟಲೆ ಕ್ಯಾಸೆಟ್ ಕಂಪನಿಗಳ ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲ. ಕೊನೆಗೆ ಮುಂಬೈಯಲ್ಲಿ ಅವರ ಹಾಡು ಕೇಳಿದ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ತಮ್ಮದೇ ಹೊಸ ಸಂಸ್ಥೆಯಿಂದ 2008ರಲ್ಲಿ ಆಲ್ಬಂ ಹೊರತಂದರು. ಅದರಲ್ಲಿದ್ದದ್ದು ಎಂಟು ಹಾಡು. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಭಾಷೆ. ಕನ್ನಡದ ಎರಡೂ ಶಿಶುನಾಳ ಶರೀಫರವು.

ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳನ್ನು ನಮ್ಮ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. ಆ ಧಾಟಿ ಕಿವಿಯಲ್ಲಿ ಕೂತವರಿಗೆ ರಘು ಹಾಡಿದ್ದು ಮೊದಲು ಒಗ್ಗದಿದ್ದರೆ ಆಶ್ಚರ್ಯವಿಲ್ಲ. ಆದರೆ ಕನ್ನಡದ ಒಂದು ಅಕ್ಷರವೂ ಗೊತ್ತಿಲ್ಲದ ಬ್ರಿಟಿಷರು ಕುಣಿದರು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂತು, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯೂ ಸಿಕ್ಕಿತು. ‘ಜಗ್ ಚಂಗಾ’ ಆಲ್ಬಂ, ‘ಜಸ್ಟ್ ಮಾತ್ ಮಾತಲ್ಲಿ’, ‘ಲವ್ ಮಾಕ್‌ಟೇಲ್’ನಂಥ ಚಿತ್ರಗಳು ಎಲ್ಲರಿಗೂ ಗೊತ್ತಿರುವಂಥವು.

ಇನ್ನು ಆ ಗದ್ದಲದ ಮಾತು. ರಾಕ್ ಕೇಳುವವರಲ್ಲಿ ಹಲವರು ಎಡವುವುದು ಇಲ್ಲೇ. ರಘು ನುಡಿಸುವುದು ಸಾಮಾನ್ಯ ಮರದ ಗಿಟಾರ್. ಕಿವಿಗೆ ಒರಟಾಗಿ ಗುರ್ ಎನ್ನುವುದು ಹಿಂದೆ ನಿಂತವರ ವಿದ್ಯುತ್ ಗಿಟಾರ್. ಅದರ ಉಕ್ಕಿನ ತಂತಿಯ ಕೆಳಗೆ ತಾಮ್ರದ ಸುರುಳಿ ಸುತ್ತಿದ ಅಯಸ್ಕಾಂತವಿರುತ್ತದೆ. ತಂತಿ ನಡುಗಿದರೆ ಸುರುಳಿಯಲ್ಲಿ ವಿದ್ಯುತ್ ನಡುಗುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಅಲ್ಲಿಯವರೆಗೆ ಒರಟುತನ ಏನೂ ಇಲ್ಲ.

ಆಂಪ್ಲಿಫೈಯರಿಗೆ ಅದರ ಅಳವಿಗಿಂತ ಹೆಚ್ಚು ಕೊಟ್ಟಾಗ ನಿಜವಾದ ಕಥೆ ಶುರು. ಸೇರಿನಲ್ಲಿ ರಾಗಿ ತುಂಬಿ, ಮೇಲೆ ಎದ್ದ ಗೋಪುರವನ್ನು ಅಂಗೈಯಿಂದ ಸವರಿ ಸಮ ಮಾಡುತ್ತೇವಲ್ಲ, ಧ್ವನಿಯ ಅಲೆಗೂ ಅದೇ ಆಗುತ್ತದೆ. ದುಂಡಗಿನ ನೆತ್ತಿ ಚಪ್ಪಟೆಯಾಗುತ್ತದೆ. ಹಾಗೆ ಸವರಿದ ಅಲೆಯಲ್ಲಿ ಮೊದಲು ಇಲ್ಲದಿದ್ದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರೆ. ‘ದಿ ಕಿಂಕ್ಸ್’ ತಂಡದ ಡೇವ್ ಡೇವಿಸ್ ಈ ಒರಟು ದನಿಗಾಗಿ ತನ್ನ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿದ್ದ. 1964ರಲ್ಲಿ ಅದೇ ದನಿಯ ಹಾಡು ಇಂಗ್ಲೆಂಡಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಹುಟ್ಟುವ ಹೊಸ ಸ್ವರಗಳು ಎಂಥವು? ಲೆಕ್ಕ ಸುಲಭ, ಕೂಡುವುದು ಕಳೆಯುವುದು ಬಂದರೆ ಸಾಕು. ಷಡ್ಜ ಸೆಕೆಂಡಿಗೆ 100 ಸಲ ನಡುಗುತ್ತಿದೆ ಎನ್ನೋಣ. ಪಂಚಮ ಆಗ 150. ಎರಡನ್ನೂ ಒಟ್ಟಿಗೆ ಮೀಟಿ ಆಂಪ್ಲಿಫೈಯರಿಗೆ ತುಂಬಿದರೆ ಅವುಗಳ ವ್ಯತ್ಯಾಸ 50 ಮತ್ತು ಮೊತ್ತ 250 ಹೊಸದಾಗಿ ಕೇಳಿಸುತ್ತವೆ. 50 ಎಂದರೆ ಕೆಳಗಿನ ಸ್ಥಾಯಿಯ ಷಡ್ಜ. ಯಾರೂ ಮುಟ್ಟದ ಆಳದ ಸ್ವರವೊಂದು ನೆಲ ನಡುಗಿಸುತ್ತದೆ. 250 ಏನು? ಮೇಲಿನ ಷಡ್ಜ 200. ಅದಕ್ಕೆ 250 ಸರಿಯಾಗಿ ಅಂತರ ಗಾಂಧಾರ! ಮೀಟಿದ್ದು ಸ, ಪ ಎರಡೇ. ಗಾಂಧಾರ ತಾನಾಗಿ ಬಂದು ಕೂತಿತು.

ಗಾಂಧಾರವನ್ನೂ ಕೈಯಲ್ಲೇ ನುಡಿಸಿಬಿಟ್ಟರೆ ಕೆಡುತ್ತದೆ. ಗಿಟಾರಿನ ಮೆಟ್ಟಿಲುಗಳಲ್ಲಿ ಸಿಗುವ ಗಾಂಧಾರ 125 ಅಲ್ಲ, ಸುಮಾರು 126. ಆ ಒಂದರ ಹೆಚ್ಚಳ ಗಾಂಧಾರದ ಎಲ್ಲ ಕೂಡು-ಕಳೆಗಳಲ್ಲೂ ಸೇರಿ, ಬಂದ ಸ್ವರಗಳು ಒಂದಕ್ಕೊಂದು ತಾಗಿ ರಾಡಿಯಾಗುತ್ತವೆ. ಅದಕ್ಕೇ ಈ ಒರಟು ದನಿಯಲ್ಲಿ ರಾಕ್ ಗಿಟಾರಿಗರು ಹೆಚ್ಚಾಗಿ ಸ ಮತ್ತು ಪ ಮಾತ್ರ ಹಿಡಿಯುತ್ತಾರೆ. ಪವರ್ ಕಾರ್ಡ್ ಎಂದರೆ ಇಷ್ಟೇ. ಗದ್ದಲವೆಂದು ಬೈಸಿಕೊಳ್ಳುವ ಸದ್ದಿನೊಳಗೆ ಇಷ್ಟು ಕಟ್ಟುನಿಟ್ಟಿನ ಶ್ರುತಿಶುದ್ಧಿ ಇದೆ ಎಂಬುದನ್ನು ಎಷ್ಟು ಸಲ ಹೇಳಿದರೂ ಹೇಳುವ ಹುಮ್ಮಸ್ಸು ತಗ್ಗುವುದಿಲ್ಲ.

ಸ ಮತ್ತು ಪ ಎಂದಾಗ ನಮಗೆ ನೆನಪಾಗಬೇಕಾದ್ದು ತಂಬೂರಿ ಅಲ್ಲವೇ! ಕಛೇರಿಯ ತಂಬೂರಿಯ ತಂತಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಅವೆರಡೇ ಸ್ವರ. ತಂತಿಗಳನ್ನು ಹೊತ್ತ ಕುದುರೆಯ (ಬ್ರಿಡ್ಜ್) ಮೇಲೆ ತಂತಿಯ ಅಡಿಗೆ ತೂರಿಸಿದ ನೂಲಿನೆಳೆ, ಅದರ ಜೀವಾಳ, ತಂತಿಯನ್ನು ಸಲೀಸಾಗಿ ನಡುಗಲು ಬಿಡುವುದಿಲ್ಲ. ತಂತಿ ಕುದುರೆಗೆ ಉಜ್ಜಿ ಝೇಂಕರಿಸುತ್ತದೆ. ಆ ಝೇಂಕಾರದಲ್ಲೂ ಯಾರೂ ಮೀಟದ ಗಾಂಧಾರ ಕೇಳುತ್ತದೆ. ವಿದ್ವಾಂಸರು ಅದನ್ನು ಸ್ವಯಂಭೂ ಗಾಂಧಾರ ಎಂದು ಕರೆದು ಗೌರವಿಸುತ್ತಾರೆ. ಡೇವಿಸ್‌ನ ಬ್ಲೇಡು, ನಮ್ಮವರ ನೂಲೆಳೆ: ಹುಟ್ಟುವ ಬಗೆ ಬೇರೆ, ಆದರೆ ಎರಡರದ್ದೂ ಬೇಕೆಂದೇ ಮಾಡಿದ ಒರಟು.

ಕೊಳ್ಳೇಗಾಲದ ಸುತ್ತಿನ ಓದುಗರು ಇದನ್ನು ಕೇಳಲು ದೂರ ಹೋಗಬೇಕಿಲ್ಲ. ಜನವರಿಯ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಜಾತ್ರೆ ಸೇರುತ್ತದೆ, ಚಂದ್ರಮಂಡಲ ಉರಿಯುತ್ತದೆ, ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುತ್ತಾರೆ. ಅವರ ತಂಬೂರಿಯೂ ಅದೇ ಮನೆತನದ್ದು. ಮಾದೇಶ್ವರನ ಬೆಟ್ಟದ ದಾರಿಯಲ್ಲಿ ದೇವರಗುಡ್ಡರ ಕಂಸಾಳೆ. ಎಡಗೈಯ ಬಟ್ಟಲಿಗೆ ಬಲಗೈಯ ಗೊಂಡೆ ಕಟ್ಟಿದ ತಾಳ ಬಡಿಯುವಾಗ ಕಂಚಿನ ಸದ್ದು ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲುತ್ತದೆ ಎಂಬುದನ್ನು ಡ್ರಮ್ಮರ್‌ ಒಬ್ಬ ಪಕ್ಕದಲ್ಲಿ ಕೂತು ಎಣಿಸಬೇಕು.

ಈ ಕಾವ್ಯಗಳ ಪದಗಳನ್ನು ನಮ್ಮ ಜಾನಪದ ವಿದ್ವಾಂಸರು ದಶಕಗಳ ಕಾಲ ಹಳ್ಳಿ ತಿರುಗಿ ಬರೆದಿಟ್ಟುಕೊಂಡರು. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ ಬಂದದ್ದು 1973ರಲ್ಲೇ. ಪದ ಉಳಿಯಿತು, ಆದರೆ ಆ ನಾದವನ್ನು ಅಷ್ಟೇ ಶ್ರದ್ಧೆಯಿಂದ ಅಳೆದು, ಬರೆದು, ಸಂಗ್ರಹಿಸುವ ಕೆಲಸಕ್ಕೆ ಇನ್ನೂ ಎಷ್ಟೋ ಕೈಗಳು ಬೇಕು. ಕೊಳ್ಳೇಗಾಲದ, ಯಳಂದೂರಿನ ಕಾಲೇಜಿನಲ್ಲಿ ಭೌತವಿಜ್ಞಾನ ಓದುವವರು ಇದಕ್ಕೆ ಮುಂದಾಗಲಿ. ಮೊಬೈಲಿನಲ್ಲಿ ಧ್ವನಿಯ ಆವರ್ತನ ತೋರಿಸುವ ಆಪ್‌ಗಳು ಪುಕ್ಕಟೆ ಸಿಗುತ್ತವೆ. ಮುಂದಿನ ಬನದ ಹುಣ್ಣಿಮೆಗೆ ಹೋಗಿ, ನೀಲಗಾರರ ಅನುಮತಿ ಕೇಳಿ, ಹಾಡಿಗೆ ಮುಂಚೆ ತಂಬೂರಿ ಶ್ರುತಿ ಮಾಡುವ ಹೊತ್ತಿನಲ್ಲಿ ಮೊಬೈಲನ್ನು ಹತ್ತಿರ ಹಿಡಿಯಿರಿ. ಪರದೆಯ ಮೇಲೆ ಗೆರೆಗಳು ಏಳುತ್ತವೆ. ಷಡ್ಜದ ಗೆರೆಯ ಸಂಖ್ಯೆ ನೋಡಿ, ಅದನ್ನು ಐದರಿಂದ ಗುಣಿಸಿ (50ಕ್ಕೆ 250 ಇದ್ದಂತೆ ಅದು ಗಾಂಧಾರದ ಜಾಗ), ಅಲ್ಲಿ ಗೆರೆ ಎಷ್ಟು ಎತ್ತರಕ್ಕೆ ಎದ್ದಿದೆ ಎಂದು ಬರೆದುಕೊಳ್ಳಿ.