ಮೂವತ್ತಾರು ಬೈಸಿಕಲ್ಲುಗಳ ಯಾತ್ರೆ

ದುಃಖವು ಕೆಲವರನ್ನು ಮನೆಯ ಮೂಲೆಗೆ ಕೂರಿಸುತ್ತದೆ. ಮತ್ತೆ ಕೆಲವರನ್ನು ದಾರಿಗೆ ಹೊರಡಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಬಿಲ್ಲಿ ಸ್ಟಾರ್ ಎಂಬ ತರುಣನು ಎರಡನೆಯ ಗುಂಪಿಗೆ ಸೇರಿದವನು. 1974ರಲ್ಲಿ ಆತನ ತಾಯಿ ಬೆಟ್ಟಿ ಸ್ಟಾರ್ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ತುತ್ತಾದರು. ಆಗ ಆಕೆಗೆ 49 ವರ್ಷ ವಯಸ್ಸು. ಹೋದ ಜೀವವನ್ನು ಮರಳಿ ತರುವ ಮದ್ದು ಯಾರಲ್ಲಿಯೂ ಇಲ್ಲ. ಆದರೆ ಮತ್ತೊಬ್ಬರ ತಾಯಿಯನ್ನು ಉಳಿಸಬಲ್ಲ ಮದ್ದನ್ನು ಹುಡುಕುತ್ತಿರುವವರಿಗೆ ಕೈಲಾದ ನೆರವನ್ನು ನೀಡಬಹುದು. ಆ ನೆರವನ್ನು ನೀಡಲು ಸ್ಟಾರನು ಆರಿಸಿಕೊಂಡ ಸಾಧನವೆಂದರೆ ಬೈಸಿಕಲ್ಲು.

1980ರ ಸೆಪ್ಟೆಂಬರಿನಲ್ಲಿ 36 ಮಂದಿ ಸವಾರರು ಸಂಸ್ಥಾನದ ಪಶ್ಚಿಮ ಭಾಗದಲ್ಲಿರುವ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಿಂದ ಹೊರಟರು. ಅವರ ಗುರಿ ಪೂರ್ವದ ತುದಿಯಲ್ಲಿರುವ ಪ್ರಾವಿನ್ಸ್‌ಟೌನ್. ನಡುವಿನ ದಾರಿ 220 ಮೈಲಿ. ಎಂದರೆ ಸುಮಾರು ಬೆಂಗಳೂರಿನಿಂದ ಚೆನ್ನೈಗೆ ಇರುವಷ್ಟು ದೂರ. ಅದನ್ನು ಅವರು ಎರಡು ದಿನಗಳಲ್ಲಿ ಕ್ರಮಿಸಬೇಕಾಗಿತ್ತು. ಮೊದಲು ಏರಿಳಿತದ ಗುಡ್ಡಗಾಡು. ಬಳಿಕ ಕೇಪ್ ಕಾಡ್. ಮಡಿಸಿದ ತೋಳಿನಂತೆ ಕಡಲಿನೊಳಗೆ ಚಾಚಿಕೊಂಡಿರುವ ಈ ಭೂಮಿಯ ಮುಷ್ಟಿಯಲ್ಲಿಯೇ ಪ್ರಾವಿನ್ಸ್‌ಟೌನ್ ಇರುವುದು. 1620ರಲ್ಲಿ ಮೇಫ್ಲವರ್ ಹಡಗು ಮೊದಲು ಲಂಗರು ಹಾಕಿದ್ದೂ ಅಲ್ಲಿಯೇ.

ಜತೆಗೂಡಿ ಹೊರಡುವ ಕಷ್ಟ

ಒಬ್ಬನೇ ಬೈಸಿಕಲ್ ಏರಿ ಹೊರಡುವುದು ಸುಲಭ. ಹಸಿದಾಗ ಉಣ್ಣಬಹುದು, ದಣಿದಾಗ ಮರದ ನೆರಳಿನಲ್ಲಿ ಕೂರಬಹುದು. ಮೂವತ್ತು ನಲವತ್ತು ಮಂದಿಯನ್ನು ಕಟ್ಟಿಕೊಂಡು ಹೊರಟಾಗ ಮಾತೇ ಬೇರೆ. ಮೋಟಾರುಗಳ ಕಾಟ ಕಡಮೆಯಿರುವ ರಸ್ತೆಯನ್ನು ಮೊದಲೇ ಹುಡುಕಿಡಬೇಕು. ಕವಲು ಬಂದೆಡೆಯಲ್ಲೆಲ್ಲ ಗುರುತು ಮಾಡಬೇಕು. ಇಷ್ಟಿಷ್ಟು ಮೈಲಿಗೊಮ್ಮೆ ನೀರು, ತಿಂಡಿ ಸಿದ್ಧವಿರಬೇಕು. ಟ್ಯೂಬು ಪಂಕ್ಚರಾದರೆ, ಚೈನು ಕಡಿದರೆ, ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಹಿಂದಿನಿಂದ ಒಂದು ವಾಹನ ಬರಬೇಕು. ಇರುಳು ತಂಗಲು ಸೂರು ಬೇಕು.

ಆದರೆ ಗುಂಪಿನಿಂದ ಲಾಭವೂ ಉಂಟು. ಬೈಸಿಕಲ್ ಸವಾರನ ದೊಡ್ಡ ಶತ್ರು ಗಾಳಿ. ಒಬ್ಬರ ಹಿಂದೊಬ್ಬರು ಸಾಲಾಗಿ ಸಾಗುವಾಗ ಮುಂದಿನವನು ಗಾಳಿಯನ್ನು ಸೀಳುತ್ತಾನೆ. ಹಿಂದಿನವನ ಶ್ರಮವು ಸುಮಾರು ಕಾಲುಭಾಗದಷ್ಟು ತಗ್ಗುತ್ತದೆ. ಆದುದರಿಂದ ಮುಂದಿನ ಸ್ಥಾನವನ್ನು ಸರದಿಯ ಮೇಲೆ ಹೊರುವುದು ಸವಾರರ ಸಂಪ್ರದಾಯ. ಪರೋಪಕಾರಕ್ಕಾಗಿ ಹೊರಟ ಯಾತ್ರೆಗೆ ಇದಕ್ಕಿಂತ ತಕ್ಕ ಪಾಠವು ದೊರೆಯಲಾರದು.

ಆ ಮೊದಲ ಯಾತ್ರೆಯು ಕೂಡಿಸಿದ ಹಣ 10,200 ಡಾಲರು. ಸ್ಟಾರನು ಅದನ್ನು ಬಾಸ್ಟನ್ ನಗರದ ಕ್ಯಾನ್ಸರ್ ಸಂಸ್ಥೆಯ ‘ಜಿಮ್ಮಿ ನಿಧಿ’ಗೆ ಒಪ್ಪಿಸಿದನು.

ಜಿಮ್ಮಿ ಯಾರು?

ಈ ನಿಧಿಯ ಕಥೆಯಲ್ಲಿ ಭಾರತೀಯನೊಬ್ಬನ ಹೆಸರೂ ಬೆರೆತಿದೆ. ರಕ್ತದ ಕ್ಯಾನ್ಸರು ತಗುಲಿದ ಮಕ್ಕಳಿಗೆ ಒಂದು ಕಾಲದಲ್ಲಿ ಉಳಿಗಾಲವಿರಲಿಲ್ಲ. ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು ಈ ಮಕ್ಕಳಿಗೆ ಅಮಿನೋಪ್ಟೆರಿನ್ ಎಂಬ ಹೊಸ ಔಷಧಿಯನ್ನು ಕೊಟ್ಟು ನೋಡಿದರು. ಅದು ಸಿದ್ಧವಾದದ್ದು ಲೆಡರ್ಲೆ ಪ್ರಯೋಗಶಾಲೆಯಲ್ಲಿ. ಅಲ್ಲಿನ ಸಂಶೋಧನೆಯ ನಾಯಕರು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡುದನ್ನು ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಆ ಗುಣವು ಬಹುಕಾಲ ನಿಲ್ಲಲಿಲ್ಲ. ಆದರೂ ಮುಚ್ಚಿದ್ದ ಬಾಗಿಲೊಂದು ಮೊದಲ ಬಾರಿಗೆ ತೆರೆಯಿತು. ಸುಬ್ಬರಾಯರು ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು.

ಅದೇ 1948ರ ಮೇ ತಿಂಗಳಲ್ಲಿ ಫಾರ್ಬರರ ರೋಗಿಯಾದ 12 ವರ್ಷದ ಬಾಲಕನ ಹಾಸಿಗೆಯ ಬಳಿಯಿಂದ ರೇಡಿಯೋ ಪ್ರಸಾರವೊಂದು ನಡೆಯಿತು. ಹುಡುಗನ ನಿಜವಾದ ಹೆಸರು ಐನಾರ್ ಗುಸ್ತಾಫ್‌ಸನ್. ಅದನ್ನು ಮರೆಮಾಡಲು ಅವನಿಗೆ ‘ಜಿಮ್ಮಿ’ ಎಂದು ಹೆಸರಿಟ್ಟರು. ಅವನ ಮೆಚ್ಚಿನ ಬೇಸ್‌ಬಾಲ್ ಆಟಗಾರರು ಕೋಣೆಯೊಳಗೆ ಬಂದು ಅವನನ್ನು ಬೆರಗುಗೊಳಿಸಿದರು. ಆಟವನ್ನು ನೋಡಲು ಜಿಮ್ಮಿಗೊಂದು ಟೆಲಿವಿಷನ್ ಬೇಕೆಂದು ಕೇಳಿದ ಆ ಪ್ರಸಾರದ ಫಲವಾಗಿ ಆ ವರ್ಷ 2,31,000 ಡಾಲರಿಗೂ ಮಿಕ್ಕಿ ಹಣ ಹರಿದುಬಂತು. ಜಿಮ್ಮಿ ಎಂದೋ ತೀರಿಹೋಗಿರಬೇಕೆಂದು ಜನ ನಂಬಿದ್ದರು. ಆದರೆ ಅವನು ಗುಣವಾಗಿ, ಬೆಳೆದು, ಲಾರಿ ನಡೆಸುತ್ತ ಸಂಸಾರಸ್ಥನಾಗಿದ್ದನೆಂಬುದು 1998ರಲ್ಲಿ ಲೋಕಕ್ಕೆ ತಿಳಿಯಿತು. 2001ರಲ್ಲಿ ಆತನು ನಿಧನನಾದನು.

ಹನಿಗೂಡಿ ಹಳ್ಳ

ಸ್ಟಾರನ ಯಾತ್ರೆಯು ‘ಪ್ಯಾನ್-ಮ್ಯಾಸ್ ಚಾಲೆಂಜ್’ ಎಂಬ ಹೆಸರಿನಿಂದ ವರ್ಷವರ್ಷವೂ ಬೆಳೆಯಿತು. ಈಗ ಆಗಸ್ಟ್ ತಿಂಗಳ ಮೊದಲ ವಾರದ ಕೊನೆಯಲ್ಲಿ ಸಾವಿರಾರು ಸವಾರರು ಹೊರಡುತ್ತಾರೆ; ನೀರು ಕೊಡಲು, ದಾರಿ ತೋರಲು ಸ್ವಯಂಸೇವಕರೂ ಸಾವಿರಾರು ಮಂದಿ ನಿಲ್ಲುತ್ತಾರೆ. ಸವಾರನು ಇಂತಿಷ್ಟು ಹಣ ಕೂಡಿಸುವೆನೆಂದು ಮೊದಲೇ ಮಾತು ಕೊಡಬೇಕು; ಬಂಧುಮಿತ್ರರಿಂದ ಅಷ್ಟು ದೊರೆಯದಿದ್ದರೆ ಉಳಿದುದನ್ನು ತನ್ನ ಜೇಬಿನಿಂದಲೇ ತುಂಬಬೇಕು. 2007ರಿಂದ ಸವಾರರು ಕೂಡಿಸಿದ ಪ್ರತಿಯೊಂದು ಡಾಲರೂ ನೇರವಾಗಿ ಡಾನಾ-ಫಾರ್ಬರ್ ಸಂಸ್ಥೆಗೆ ಸೇರುತ್ತಿದೆ. 10,200 ಡಾಲರಿನಿಂದ ಮೊದಲಾದ ಲೆಕ್ಕವು 2024ರ ವೇಳೆಗೆ ನೂರು ಕೋಟಿ ಡಾಲರನ್ನು ದಾಟಿತು.

ಈ ದೊಡ್ಡ ಮೊತ್ತಕ್ಕಿಂತ ಮನಸ್ಸನ್ನು ಮುಟ್ಟುವ ಸಂಗತಿ ಮತ್ತೊಂದಿದೆ. ಪ್ರತಿ ವರ್ಷ ಪೆಡಲು ತುಳಿಯುವವರಲ್ಲಿ, ಒಮ್ಮೆ ತಾವೇ ಕ್ಯಾನ್ಸರಿನಿಂದ ಹಾಸಿಗೆ ಹಿಡಿದು ಗುಣವಾದವರು ನೂರಾರು ಮಂದಿ ಇರುತ್ತಾರೆ. ಹಿಂದೊಮ್ಮೆ ಇತರರು ಸೀಳಿಕೊಟ್ಟ ಗಾಳಿಯಲ್ಲಿ ಮುಂದೆ ಸಾಗಿ ಬಂದವರು ಅವರು. ಈಗ ಸಾಲಿನ ಮುಂದೆ ಬಂದು ತಮ್ಮ ಸರದಿಯನ್ನು ಹೊರುತ್ತಿದ್ದಾರೆ. ಬೆಟ್ಟಿ ಸ್ಟಾರ್ ಅವರನ್ನು ಯಾರೂ ಉಳಿಸಲಾಗಲಿಲ್ಲ. ಆದರೆ ಆಕೆಯ ಹೆಸರಿನಲ್ಲಿ ಉರುಳತೊಡಗಿದ ಚಕ್ರವು ಇನ್ನೂ ನಿಂತಿಲ್ಲ.