ಸಾಲಪತ್ರವೂ ಸ್ವಪ್ನವೂ: ಮಾರ್ಟಿನ್ ಲೂಥರ್ ಕಿಂಗ್ ಅವರ 1963ರ ಭಾಷಣದ ವಾಗ್ವಿನ್ಯಾಸ

ಭಾಷಣವೊಂದನ್ನು ಇತಿಹಾಸದ ಆಧಾರಗಳಲ್ಲಿ ಒಂದೆಂದು ಪರಿಗಣಿಸಲು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ಶಾಸನ, ಕರಾರು, ಕಾನೂನು ಇವು ಇತಿಹಾಸ. ಭಾಷಣವಾದರೋ ಕೇವಲ ಮಾತು ಎಂಬ ಭಾವನೆ ಬಲವಾಗಿದೆ. ಆದರೆ ಕೆಲವು ಭಾಷಣಗಳು ತಾವು ಹುಟ್ಟಿದ ಕಾಲದ ಸಂಕಟವನ್ನೂ ಹಂಬಲವನ್ನೂ ಕಾನೂನಿನ ಪುಟಗಳಿಗಿಂತ ಸ್ಪಷ್ಟವಾಗಿ ಹಿಡಿದಿಡುತ್ತವೆ. 1963ರ ಆಗಸ್ಟ್ 28ರಂದು ವಾಷಿಂಗ್‌ಟನ್ ನಗರದ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರು ಮಾಡಿದ, ‘ನನಗೊಂದು ಕನಸಿದೆ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಭಾಷಣವು ಅಂಥದು. ಅದರ ವಾಗ್ವಿನ್ಯಾಸವನ್ನು ವಿವರಿಸಿ, ಅದರ ಅರ್ಥವು ಮುಂದಿನ ದಶಕಗಳಲ್ಲಿ ಪಡೆದ ಗತಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂದರ್ಭವನ್ನು ನೆನೆಯಬೇಕು. ಆ ದಿನದ ಮೆರವಣಿಗೆಯ ಪೂರ್ಣ ಹೆಸರಿನಲ್ಲಿ ‘ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ’ ಎಂಬ ಮಾತಿತ್ತು. ಅದರ ಮೂಲ ಕಲ್ಪನೆ ಕಾರ್ಮಿಕ ನಾಯಕರಾದ ಎ. ಫಿಲಿಪ್ ರಾಂಡಾಲ್ಫ್ ಅವರದು; ಅವರು 1941ರಲ್ಲಿಯೇ ಇಂಥ ಮೆರವಣಿಗೆಯ ಬೆದರಿಕೆಯೊಡ್ಡಿ, ಯುದ್ಧೋದ್ಯಮಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಆಜ್ಞೆಯನ್ನು ಅಧ್ಯಕ್ಷ ರೂಸ್‌ವೆಲ್ಟರಿಂದ ಹೊರಡಿಸಿದ್ದರು. 1963ರ ವ್ಯವಸ್ಥೆಯ ಭಾರವನ್ನು ಹೊತ್ತವರು ಬೇಯರ್ಡ್ ರಸ್ಟಿನ್. ಬೇಡಿಕೆಗಳಲ್ಲಿ ಪೌರಹಕ್ಕುಗಳ ಕಾನೂನಿನ ಜೊತೆಗೆ ಗಂಟೆಗೆ 2 ಡಾಲರಿನ ಕನಿಷ್ಠ ವೇತನವೂ ಸೇರಿತ್ತು. ಅದೇ ವಸಂತದಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಶಾಂತ ಪ್ರತಿಭಟನಕಾರರ ಮೇಲೆ, ಮಕ್ಕಳ ಮೇಲೆ ಕೂಡ, ಪೋಲೀಸರು ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಪ್ರಯೋಗಿಸಿದ್ದರು. ಜೂನ್ 11ರಂದು ಅಧ್ಯಕ್ಷ ಕೆನಡಿಯವರು ಹೊಸ ಮಸೂದೆಯ ಅಗತ್ಯವನ್ನು ರಾಷ್ಟ್ರದ ಮುಂದಿಟ್ಟರು. ಮರುದಿನವೇ ಮಿಸಿಸಿಪಿಯಲ್ಲಿ ಮೆಡ್ಗರ್ ಎವರ್ಸ್ ಎಂಬ ಮುಂದಾಳು ತಮ್ಮ ಮನೆಯ ಅಂಗಳದಲ್ಲಿಯೇ ಗುಂಡಿಗೆ ಬಲಿಯಾದರು. ಹೀಗೆ ಭರವಸೆ ಮತ್ತು ಭೀತಿ ಎರಡೂ ಉತ್ಕಟವಾಗಿದ್ದ ಗಳಿಗೆಯಲ್ಲಿ ಸುಮಾರು 2,50,000 ಜನ ಅಲ್ಲಿ ನೆರೆದಿದ್ದರು. ಕೊನೆಯ ಮುಖ್ಯ ಭಾಷಣಕಾರರಾದ ಕಿಂಗ್ ಅವರಿಗೆ ಆಗ 34 ವರ್ಷ.

ಭಾಷಣದ ಆರಂಭದಲ್ಲಿಯೇ ಅವರ ಕುಶಲತೆ ಕಾಣುತ್ತದೆ. ನೂರು ವರ್ಷ ಎಂದು ನೇರವಾಗಿ ಹೇಳದೆ, ಅವರು ಇಪ್ಪತ್ತರ ಲೆಕ್ಕದಲ್ಲಿ ಕಾಲವನ್ನು ಎಣಿಸುತ್ತಾರೆ. ಇದು 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಲಿಂಕನ್ ತಮ್ಮ ಭಾಷಣವನ್ನು ಆರಂಭಿಸಿದ ರೀತಿ. ಅದಕ್ಕೂ ಹಿಂದೆ, ಇಂಗ್ಲಿಷ್ ಬೈಬಲ್ಲಿನ ಎಣಿಕೆಯ ರೀತಿ. ಬೆನ್ನಹಿಂದೆ ಲಿಂಕನ್ನರ ಬೃಹತ್ ಪ್ರತಿಮೆ. ಬಾಯಲ್ಲಿ ಲಿಂಕನ್ನರ ಉಕ್ತಿಕ್ರಮ. ದಂಗೆಯೆದ್ದ ಸಂಸ್ಥಾನಗಳ ಗುಲಾಮರು ಸ್ವತಂತ್ರರೆಂದು ಸಾರಿದ ವಿಮೋಚನಾ ಘೋಷಣೆ ಹೊರಬಿದ್ದುದು 1863ರ ಜನವರಿ 1ರಂದು. ಆ ಘೋಷಣೆಯನ್ನು ಸ್ತುತಿಸಿದೊಡನೆಯೇ ಕಿಂಗ್ ಅವರು, ‘ನೂರು ವರ್ಷಗಳ ಅನಂತರ’ ಎಂಬ ಮಾತನ್ನು ನಾಲ್ಕು ಸಲ ಉಚ್ಚರಿಸಿ, ಪ್ರತಿಸಲವೂ ಒಂದೊಂದು ಅಪೂರ್ಣತೆಯನ್ನು ಬೆರಳು ಮಾಡಿ ತೋರಿಸುತ್ತಾರೆ. ಉತ್ಸವದ ಧಾಟಿಯಲ್ಲಿ ಮೊದಲಾದ ಮಾತು ಹೀಗೆ ಕ್ಷಣಮಾತ್ರದಲ್ಲಿ ದೋಷಾರೋಪಣೆಯಾಗಿ ಪರಿಣಮಿಸುತ್ತದೆ.

ಅನಂತರ ಬರುವುದು ಇಡೀ ಭಾಷಣದ ಆಧಾರಸ್ತಂಭವೆಂದು ನಾನು ಭಾವಿಸುವ ರೂಪಕ. 1776ರ ಸ್ವಾತಂತ್ರ್ಯ ಘೋಷಣೆಯೂ ಸಂವಿಧಾನವೂ ಪ್ರತಿಯೊಬ್ಬ ಅಮೆರಿಕನ್ನನಿಗೂ ಬರೆದುಕೊಟ್ಟ ಪ್ರಾಮಿಸರಿ ನೋಟು. ಕರಿಯ ಪ್ರಜೆಗಳ ವಿಷಯದಲ್ಲಿ ರಾಷ್ಟ್ರವು ಆ ಸಾಲವನ್ನು ತೀರಿಸಿಲ್ಲ. ಅವರ ಕೈಗೆ ಬಂದದ್ದು ಖಾತೆಯಲ್ಲಿ ಹಣ ಸಾಲದೆಂಬ ಷರಾದೊಡನೆ ಹಿಂದಿರುಗಿದ ಚೆಕ್ಕು. ಈ ರೂಪಕದ ಸತ್ತ್ವವೇನು? ನ್ಯಾಯವನ್ನು ದಾನವಾಗಿ ಬೇಡುವವನ ಸ್ಥಾನದಿಂದ ಕರಿಯ ಪ್ರಜೆಯನ್ನು ಇದು ಎತ್ತಿ, ಸಾಲ ಕೊಟ್ಟವನ ಸ್ಥಾನದಲ್ಲಿ ನಿಲ್ಲಿಸುತ್ತದೆ. ಭಿಕ್ಷುಕನು ಕಾಯಬೇಕಾಗುತ್ತದೆ, ಸಾಲಿಗನಾದರೋ ಗಡುವನ್ನು ಕೇಳಬಲ್ಲನು. ಬ್ಯಾಂಕು, ಚೆಕ್ಕು, ಖಾತೆ ಎಂಬ ನಿತ್ಯವ್ಯವಹಾರದ ಪದಗಳು ತತ್ತ್ವವನ್ನು ಬೀದಿಗೆ ತರುತ್ತವೆ. ‘ಈಗಲೇ ಕಾಲ’ ಎಂಬ ಅರ್ಥದ ಮಾತು ಮುಂದೆ ನಾಲ್ಕು ಸಲ ಆವೃತ್ತಿಯಾಗುವುದು ಈ ರೂಪಕದ ಸಹಜ ಪರಿಣಾಮವೇ ಹೊರತು ಬೇರೆಯಲ್ಲ. ಕ್ರಮಕ್ರಮವಾಗಿ ಸುಧಾರಿಸೋಣ ಎಂಬ ಉಪದೇಶವನ್ನು ಅವರು ನಿದ್ರೆ ಬರಿಸುವ ಔಷಧಕ್ಕೆ ಹೋಲಿಸಿದ್ದೂ ಇಲ್ಲಿಯೇ.

ಇಷ್ಟು ತೀಕ್ಷ್ಣವಾದ ಮಾತಿನ ಬಳಿಕ ಭಾಷಣವು ತನ್ನವರ ಕಡೆಗೆ ತಿರುಗುತ್ತದೆ. ಕಹಿಯ ಬಟ್ಟಲಿನಿಂದ ದಾಹವನ್ನು ತೀರಿಸಿಕೊಳ್ಳಬೇಡಿ, ದೇಹಬಲಕ್ಕೆ ಆತ್ಮಬಲದಿಂದ ಎದುರಾಗಿ ಎಂದು ಅವರು ಬೋಧಿಸುತ್ತಾರೆ. ಗಾಂಧೀಜಿಯವರ ಪ್ರಭಾವವು ಇಲ್ಲಿ ಸ್ಪಷ್ಟ. 1959ರ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಕಿಂಗ್ ದಂಪತಿಗಳು ಭಾರತದಲ್ಲಿ ಸಂಚರಿಸಿದ್ದರೆಂಬುದೂ, ರಸ್ಟಿನ್ ಅವರು ಅದಕ್ಕೂ ಮೊದಲು ಇಲ್ಲಿಗೆ ಬಂದು ಗಾಂಧೀಮಾರ್ಗವನ್ನು ಅಭ್ಯಸಿಸಿದ್ದರೆಂಬುದೂ ಇಲ್ಲಿ ಸ್ಮರಣೀಯ. ಹಾಗೆಂದು ಭಾಷಣದ ಶಬ್ದಸಂಪತ್ತು ಭಾರತದಿಂದ ಬಂದುದಲ್ಲ. ಅದು ಬಂದುದು ದಕ್ಷಿಣದ ಕರಿಯ ಇಗರ್ಜಿಗಳ ಉಪದೇಶಪೀಠದಿಂದ. ಆಮೋಸ್ ಮತ್ತು ಯೆಶಾಯ ಎಂಬ ಹಳೆಯ ಒಡಂಬಡಿಕೆಯ ಪ್ರವಾದಿಗಳ ಉಕ್ತಿಗಳನ್ನು ಅವರು ಹೆಸರು ಹೇಳದೆಯೇ ತಮ್ಮ ಮಾತಿನಲ್ಲಿ ಬೆರೆಸುತ್ತಾರೆ. ಆ ಸಭೆಗೆ ಹೆಸರು ಹೇಳುವ ಅಗತ್ಯವೂ ಇರಲಿಲ್ಲ.

ಭಾಷಣದ ಅತ್ಯಂತ ಪ್ರಸಿದ್ಧ ಭಾಗವು ಸಿದ್ಧಪಡಿಸಿದ ಹಸ್ತಪ್ರತಿಯಲ್ಲಿ ಇರಲಿಲ್ಲ. ಸಮೀಪದಲ್ಲಿದ್ದ ಗಾಯಕಿ ಮಹೇಲಿಯಾ ಜ್ಯಾಕ್ಸನ್ ಅವರು ‘ಕನಸಿನ ವಿಷಯ ಹೇಳಿ’ ಎಂದು ಕೂಗಿದರೆಂದು ಅಲ್ಲಿದ್ದವರು ಸ್ಮರಿಸಿದ್ದಾರೆ. ಕಿಂಗ್ ಅವರು ಬರೆದದ್ದನ್ನು ಬಿಟ್ಟು ಮುಂದುವರಿದರು. ಆದರೆ ಇದು ಆಕಸ್ಮಿಕ ಸ್ಫೂರ್ತಿಯೆಂದು ತಿಳಿಯುವುದು ತಪ್ಪು. 1962ರ ನವೆಂಬರಿನಲ್ಲಿ ಉತ್ತರ ಕೆರೊಲಿನಾದ ರಾಕಿ ಮೌಂಟ್‌ನಲ್ಲಿಯೂ, 1963ರ ಜೂನ್ 23ರಂದು ಡೆಟ್ರಾಯಿಟ್‌ನಲ್ಲಿಯೂ ಅವರು ಇದೇ ಪಲ್ಲವಿಯನ್ನು ಬಳಸಿದ್ದರು. ನುರಿತ ಸಂಗೀತಗಾರನು ಸಭೆಯನ್ನು ನೋಡಿ, ಸಾಧನೆಮಾಡಿದ ರಾಗವನ್ನು ಹೊಸದಾಗಿ ವಿಸ್ತರಿಸುವಂತೆ, ಅವರು ಪರಿಚಿತ ಸಾಮಗ್ರಿಯನ್ನು ಆ ಗಳಿಗೆಗೆ ಒಪ್ಪಿಸಿದರು.

ಪುನರುಕ್ತಿಯು ದೋಷವೆಂದು ನಮ್ಮ ಅಲಂಕಾರಿಕರು ಹೇಳುತ್ತಾರಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ದಂಡಿಯೇ ತನ್ನ ಕಾವ್ಯಾದರ್ಶದಲ್ಲಿ ಇದಕ್ಕೆ ಅಪವಾದವನ್ನು ಹೇಳಿದ್ದಾನೆ: ಅನುಕಂಪವೇ ಮುಂತಾದ ಭಾವದ ಅತಿಶಯವನ್ನು ಹೇಳಬಯಸಿದಾಗ ಪುನರುಕ್ತಿಯು ದೋಷವಾಗದೆ ಅಲಂಕಾರವೇ ಆಗುತ್ತದೆ. ಕಿಂಗ್ ಅವರ ಆವೃತ್ತಿಯು ಈ ಬಗೆಯದು. ಅದಲ್ಲದೆ, ಅವರ ಪಲ್ಲವಿ ಒಂದೇ ಆದರೂ ಅದರ ಬೆನ್ನಿಗೆ ಬರುವ ಚಿತ್ರವು ಬೇರೆಬೇರೆ: ಒಮ್ಮೆ ಜಾರ್ಜಿಯಾದ ಕೆಂಪು ಬೆಟ್ಟಗಳು, ಒಮ್ಮೆ ಬೇಗೆಯಲ್ಲಿ ಬೇಯುವ ಮಿಸಿಸಿಪಿ, ಒಮ್ಮೆ ತಮ್ಮ ನಾಲ್ವರು ಮಕ್ಕಳು. ಸ್ಥಿರವಾದ ಶ್ರುತಿಯ ಮೇಲೆ ಚಲಿಸುವ ಸ್ವರಗಳಂತೆ ಇವು ಒಂದರ ಮೇಲೊಂದು ಏರುತ್ತವೆ.

ಕೊನೆಯ ಆವೃತ್ತಿಯ ಭೂಗೋಳವನ್ನು ಗಮನಿಸಬೇಕು. 1831ರಲ್ಲಿ ರಚಿತವಾದ ದೇಶಭಕ್ತಿಗೀತೆಯೊಂದರ ಮಾತನ್ನು ಆಧಾರವಾಗಿಟ್ಟುಕೊಂಡು, ಸ್ವಾತಂತ್ರ್ಯದ ಘಂಟಾನಾದವು ಪರ್ವತಪರ್ವತದಿಂದ ಮೊಳಗಲೆಂದು ಅವರು ಹಾರೈಸುತ್ತಾರೆ. ಮೊದಲು ಈಶಾನ್ಯದ ನ್ಯೂ ಹ್ಯಾಂಪ್‌ಷೈರ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ. ಬಳಿಕ ಪಶ್ಚಿಮದ ಕೊಲರಾಡೊ, ಕ್ಯಾಲಿಫೋರ್ನಿಯ. ಅಲ್ಲಿ ಮಾತು ತಿರುಗಿ ದಕ್ಷಿಣವನ್ನು ಪ್ರವೇಶಿಸುತ್ತದೆ: ಜಾರ್ಜಿಯಾದ ಸ್ಟೋನ್ ಮೌಂಟನ್, ಟೆನಿಸಿಯ ಲುಕ್‌ಔಟ್ ಮೌಂಟನ್, ಮಿಸಿಸಿಪಿಯ ಪ್ರತಿಯೊಂದು ಗುಡ್ಡ. 1915ರಲ್ಲಿ ಕು ಕ್ಲುಕ್ಸ್ ಕ್ಲಾನ್ ಎಂಬ ಹಿಂಸಾತ್ಮಕ ಸಂಘವು ಪುನರ್ಜನ್ಮ ಪಡೆದುದು ಇದೇ ಸ್ಟೋನ್ ಮೌಂಟನ್ ಮೇಲೆ. ಹೆಸರನ್ನು ಮಾತ್ರ ಹೇಳಿ, ಹಿನ್ನೆಲೆಯನ್ನು ಕೇಳುಗರ ಸ್ಮೃತಿಗೆ ಬಿಟ್ಟಿರುವುದು ನಮ್ಮವರು ಧ್ವನಿಯೆಂದು ಕರೆಯುವುದಕ್ಕೆ ಸಮೀಪವಾದುದು.

ಈ ಭಾಷಣವು ಏನನ್ನು ಸಾಧಿಸಿತು? ಒಂದು ಭಾಷಣದಿಂದಲೇ ಕಾನೂನು ಹುಟ್ಟಿತೆನ್ನುವುದು ಅತಿಶಯೋಕ್ತಿ. ಸಭೆ ಮುಗಿದು ಮೂರು ವಾರವೂ ಕಳೆಯುವ ಮೊದಲೇ, ಸೆಪ್ಟೆಂಬರ್ 15ರಂದು, ಬರ್ಮಿಂಗ್‌ಹ್ಯಾಮಿನ ಇಗರ್ಜಿಯೊಂದರಲ್ಲಿ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತರು. 1964ರ ಜುಲೈ 2ರ ಪೌರಹಕ್ಕುಗಳ ಕಾನೂನೂ 1965ರ ಆಗಸ್ಟ್ 6ರ ಮತದಾನ ಹಕ್ಕಿನ ಕಾನೂನೂ ಅಸಂಖ್ಯ ಜನರ ತ್ಯಾಗದ ಫಲ. ಕಿಂಗ್ ಅವರೇ 1967ರ ಕ್ರಿಸ್‌ಮಸ್ ಉಪದೇಶದಲ್ಲಿ, ತಮ್ಮ ಕನಸು ದುಃಸ್ವಪ್ನವಾಗುವುದನ್ನು ಕಂಡೆನೆಂದು ಹೇಳಿಕೊಂಡರು. ಆದರೂ ಕನಸನ್ನು ಬಿಡಲಿಲ್ಲ. 1968ರ ಏಪ್ರಿಲ್ 4ರಂದು, ಮೆಂಫಿಸ್ ನಗರದಲ್ಲಿ ಕಸಗುಡಿಸುವ ಕಾರ್ಮಿಕರ ಮುಷ್ಕರವನ್ನು ಬೆಂಬಲಿಸಲು ಹೋಗಿದ್ದಾಗ, ಅವರ ಹತ್ಯೆಯಾಯಿತು.

ಇಂದು ಈ ಭಾಷಣಕ್ಕೆ ಒದಗಿರುವ ಅಪಾಯವು ಮರೆವಲ್ಲ, ಅರೆನೆನಪು. ಮಕ್ಕಳನ್ನು ಬಣ್ಣದಿಂದಲ್ಲದೆ ಗುಣದಿಂದ ಅಳೆಯುವ ಕಾಲ ಬರಲೆಂಬ ಒಂದು ವಾಕ್ಯವನ್ನು ಕಿತ್ತು ತೆಗೆದು, ಹಿಂದುಳಿಸಲ್ಪಟ್ಟವರಿಗೆ ವಿಶೇಷ ಅವಕಾಶ ಕೊಡುವುದೇ ಕಿಂಗ್ ಅವರ ತತ್ತ್ವಕ್ಕೆ ವಿರೋಧವೆಂದು ವಾದಿಸುವವರು ಅಮೆರಿಕದಲ್ಲಿ ಹಲವರಿದ್ದಾರೆ. ಕಾಲೇಜು ಪ್ರವೇಶದಲ್ಲಿ ವರ್ಣವನ್ನು ಪರಿಗಣಿಸುವ ಪದ್ಧತಿಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅಸಿಂಧುಗೊಳಿಸಿದಾಗಲೂ ಈ ಚರ್ಚೆ ಎದ್ದಿತ್ತು. ಆದರೆ ಕಿಂಗ್ ಅವರು 1964ರಲ್ಲಿ ಪ್ರಕಟಿಸಿದ ‘ವೈ ವಿ ಕಾಂಟ್ ವೇಟ್’ ಎಂಬ ಗ್ರಂಥದಲ್ಲಿ ವಿಶೇಷ ಪರಿಹಾರಕ್ರಮಗಳನ್ನು ಬೆಂಬಲಿಸಿದ್ದಾರೆ. ಅಷ್ಟೇ ಅಲ್ಲ, ಅಸ್ಪೃಶ್ಯರೆನಿಸಿಕೊಂಡವರಿಗೆ ಭಾರತವು ಕಲ್ಪಿಸಿದ ಆದ್ಯತೆಯನ್ನು, ನೆಹರೂ ಅವರೊಡನೆ ನಡೆದ ಸಂಭಾಷಣೆಯನ್ನು ಸ್ಮರಿಸಿ, ಮೆಚ್ಚುಗೆಯಿಂದ ಉದಾಹರಿಸಿದ್ದಾರೆ. ಶತಮಾನಗಳ ಅನ್ಯಾಯಕ್ಕೆ ಇದು ಪ್ರಾಯಶ್ಚಿತ್ತವೆಂಬುದು ಅಲ್ಲಿನ ಭಾವ.

ಆದ್ದರಿಂದ ನಮ್ಮ ತರಗತಿಗಳಲ್ಲಿ ಈ ಭಾಷಣವನ್ನು ಕೊನೆಯ ಕೆಲವು ನಿಮಿಷಗಳಿಗೆ ಸೀಮಿತಗೊಳಿಸದೆ ಆದಿಯಿಂದ ಓದಿಸುವುದು ಯುಕ್ತ. ಸ್ವಪ್ನದ ಮಾತಿಗೆ ಮುನ್ನ ಸಾಲದ ಮಾತಿದೆ. ಎರಡನೆಯದು ಮೊದಲನೆಯದನ್ನು ರದ್ದು ಮಾಡುವುದಿಲ್ಲ. ಗುಣವೊಂದನ್ನೇ ನೋಡುವ ಕಾಲವು ಬರಬೇಕೆಂದು ಹಾರೈಸಿದವರು, ಅದಕ್ಕೆ ಮೊದಲು ಹಿಂದಿನ ಲೆಕ್ಕ ಚುಕ್ತವಾಗಬೇಕೆಂದೂ ಹೇಳಿದ್ದರು. ಈ ಕ್ರಮವನ್ನು ಅರಿತ ವಿದ್ಯಾರ್ಥಿಯು ಒಂದು ಭಾಷಣವನ್ನಷ್ಟೇ ಅಲ್ಲ, ತನ್ನ ದೇಶದ ಸಂವಿಧಾನವು ಮಾಡಿರುವ ವಾಗ್ದಾನಗಳನ್ನೂ ಹೇಗೆ ಓದಬೇಕೆಂಬುದನ್ನು ಕಲಿತಂತಾಗುತ್ತದೆ.